ಗಾಯಗೊಂಡ ಹಕ್ಕಿ ಸಿಕ್ಕರೆ ಮೊದಲು ನೀರಿನ ಲೋಟ ಕೆಳಗಿಡಿ

ಮನೆ ಹತ್ತಿರ ಹಕ್ಕಿ ಬಿದ್ದಿದೆ ಅಂದ ಕೂಡಲೇ ಯಾರಾದರೂ ಒಬ್ಬರು ಒಳಗೆ ಓಡಿ ನೀರು ತರುತ್ತಾರೆ. ಪಾಪ, ಬಾಯಾರಿರಬೇಕು ಅಂತ. ಇನ್ನೊಬ್ಬರು ಕೊಕ್ಕು ಬಿಡಿಸಿ ಹಿಡಿಯುತ್ತಾರೆ, ಮತ್ತೊಬ್ಬರು ಚಮಚದಲ್ಲೋ ಇಂಕ್ ಫಿಲ್ಲರಿನಲ್ಲೋ ಬಾಯಿಗೆ ನೀರು ಬಿಡುತ್ತಾರೆ. ಎಲ್ಲರದ್ದೂ ಒಳ್ಳೆ ಮನಸ್ಸೇ. ಸ್ವಲ್ಪ ಹೊತ್ತಿನಲ್ಲಿ ಹಕ್ಕಿ ಸತ್ತರೆ "ಪೆಟ್ಟು ಜೋರಾಗಿತ್ತು, ಉಳೀತಿರಲಿಲ್ಲ ಬಿಡಿ" ಅಂತ ಮಾತು ಮುಗಿಯುತ್ತದೆ. ಎಷ್ಟೋ ಸಲ ಪೆಟ್ಟು ಅಷ್ಟೇನೂ ಜೋರಾಗಿರುವುದಿಲ್ಲ. ನೀರು ಶ್ವಾಸಕೋಶಕ್ಕೆ ಇಳಿದಿರುತ್ತದೆ.

ಹಕ್ಕಿಯ ಬಾಯೊಳಗೆ, ನಾಲಿಗೆಯ ಬುಡದಲ್ಲೇ ನಟ್ಟನಡುವೆ ಒಂದು ಸಣ್ಣ ಸೀಳು ಇರುತ್ತದೆ. ಉಸಿರಾಡಿದ ಹಾಗೆಲ್ಲ ಅಗಲವಾಗುತ್ತ, ಕಿರಿದಾಗುತ್ತ ಇರುತ್ತದೆ. ಅದು ಶ್ವಾಸನಾಳದ ಬಾಯಿ. ನಮ್ಮ ಗಂಟಲಲ್ಲಿ ಇರುವಂಥ ಮುಚ್ಚಳ ಹಕ್ಕಿಗೆ ಇಲ್ಲ. ಗಟ್ಟಿಮುಟ್ಟಾಗಿರುವ ಹಕ್ಕಿ ತಾನೇ ಕುಡಿಯುವಾಗ ಆ ಸೀಳನ್ನು ಬಿಗಿ ಮಾಡಿಕೊಂಡು ನುಂಗುತ್ತದೆ. ಪೆಟ್ಟು ತಿಂದು ಮಂಪರಿನಲ್ಲಿರುವ, ಹೆದರಿ ಏದುಸಿರು ಬಿಡುತ್ತಿರುವ ಹಕ್ಕಿಗೆ ಅದು ಆಗುವುದಿಲ್ಲ. ನಾವು ಬಿಟ್ಟ ನೀರು ಸೀದಾ ಆ ಸೀಳಿಗೇ ಹೋಗುತ್ತದೆ. ಹಾಗಾಗಿ ಬಾಯಿಗೆ ನೀರು ಬೇಡ, ಓಆರ್‌ಎಸ್ ಬೇಡ, ಗ್ಲೂಕೋಸ್ ಬೇಡ. ಹಾಲಂತೂ ಬೇಡವೇ ಬೇಡ. ಹಕ್ಕಿಗಳು ಹಾಲು ಕುಡಿದು ಬೆಳೆಯುವ ಪ್ರಾಣಿಗಳಲ್ಲ, ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಅವುಗಳ ಹೊಟ್ಟೆಗಿಲ್ಲ.

ಹಾಗಾದರೆ ಏನು ಮಾಡಬೇಕು? ಡಬ್ಬದಲ್ಲಿಡಿ, ಮುಚ್ಚಿ, ದೂರ ಇರಿ, ಫೋನ್ ಮಾಡಿ. ನಮ್ಮ ನಿಮ್ಮಂಥವರು ಮನೆಯಲ್ಲಿ ಮಾಡಬಹುದಾದ ಚಿಕಿತ್ಸೆ ಹೆಚ್ಚು ಕಡಿಮೆ ಇಷ್ಟೇ. ಇದನ್ನು ಸರಿಯಾಗಿ ಮಾಡಿದರೆ ಹಕ್ಕಿ ಉಳಿಯುವ ಸಾಧ್ಯತೆ ನಿಜಕ್ಕೂ ಜಾಸ್ತಿಯಾಗುತ್ತದೆ.

ಮೊದಲು, ಎತ್ತಬೇಕಾ ಬೇಡವಾ?

ಮಾರ್ಚ್‌ನಿಂದ ಜೂನ್‌ವರೆಗೆ ನೆಲದ ಮೇಲೆ ಸಿಗುವ ಹಕ್ಕಿಗಳಲ್ಲಿ ಎಷ್ಟೋ ಗಾಯಗೊಂಡವೇ ಅಲ್ಲ. ಹಾರಲು ಕಲಿಯುತ್ತಿರುವ ಮರಿಗಳು. ಮೈತುಂಬ ಗರಿ, ಮೊಂಡು ಬಾಲ, ಬಾಯಿಯ ಅಂಚಿನಲ್ಲಿ ಹಳದಿ, ಕುಪ್ಪಳಿಸಿಕೊಂಡು ಗಿಡದ ಬುಡಕ್ಕೆ ಓಡುತ್ತದೆ ಅಂದರೆ ಅದು ಇರಬೇಕಾದ ಜಾಗದಲ್ಲೇ ಇದೆ. ಪಿಕಳಾರ, ಗೊರವಂಕ, ಕಾಗೆ ಮರಿಗಳೆಲ್ಲ ಗೂಡು ಬಿಟ್ಟ ಮೇಲೆ ಕೆಲವು ದಿನ ಹೀಗೇ ನೆಲದಲ್ಲಿ, ಪೊದೆಯಲ್ಲಿ ಅಡ್ಡಾಡುತ್ತವೆ. ಅಪ್ಪ ಅಮ್ಮ ಅಲ್ಲೇ ಎಲ್ಲೋ ಇದ್ದು ತಿನ್ನಿಸುತ್ತಿರುತ್ತವೆ. ನೀವು ಪಕ್ಕದಲ್ಲಿ ನಿಂತಿದ್ದರೆ ಮಾತ್ರ ಬರುವುದಿಲ್ಲ. ಮನೆಯೊಳಗೆ ಹೋಗಿ, ಕಿಟಕಿಯಿಂದ ಒಂದು ಗಂಟೆ ನೋಡಿ. ಬೆಕ್ಕು ನಾಯಿ ಓಡಾಡುವ ಜಾಗವಾದರೆ ಮರಿಯನ್ನು ಎತ್ತಿ ಹತ್ತಿರದ ಗಿಡದ ಕೊಂಬೆ ಮೇಲೆ ಕೂರಿಸಿ, ಬೆಕ್ಕನ್ನು ಒಂದೆರಡು ದಿನ ಒಳಗೆ ಕಟ್ಟಿಹಾಕಿ. ಬೆಕ್ಕಿನ ಯಜಮಾನರು ಪಕ್ಕದ ಮನೆಯವರಾದರೆ ಈ ಕೆಲಸ ಹಕ್ಕಿ ಹಿಡಿಯೋದಕ್ಕಿಂತ ಕಷ್ಟ, ಗೊತ್ತು.

ಗರಿಯೇ ಬಂದಿಲ್ಲ, ಕಣ್ಣು ಬಿಟ್ಟಿಲ್ಲ ಅಂದರೆ ಅದು ಗೂಡಿನಿಂದ ಬಿದ್ದ ಮರಿ. ಗೂಡು ಕೈಗೆ ಸಿಕ್ಕರೆ ವಾಪಸ್ ಅದರಲ್ಲೇ ಇಡಿ. "ಮನುಷ್ಯ ಮುಟ್ಟಿದರೆ ತಾಯಿ ಸೇರಿಸಲ್ಲ" ಅಂತ ಪ್ರತಿ ಬೀದಿಯಲ್ಲೂ ಒಬ್ಬರು ಹೇಳೇ ಹೇಳುತ್ತಾರೆ. ಅದು ಸುಳ್ಳು. ಒಂದು ಸಲ ನಮ್ಮ ಕೈ ತಾಗಿತು ಅಂತ ಯಾವ ಹಕ್ಕಿಯೂ ಮರಿಯನ್ನು ಬಿಟ್ಟುಹೋಗುವುದಿಲ್ಲ. ಗೂಡೇ ಹರಿದು ಬಿದ್ದಿದ್ದರೆ ಒಂದು ಸಣ್ಣ ಬಿದಿರಿನ ಬುಟ್ಟಿಗೋ, ತಳದಲ್ಲಿ ತೂತು ಮಾಡಿದ ಐಸ್‌ಕ್ರೀಮ್ ಡಬ್ಬಕ್ಕೋ ಒಣಹುಲ್ಲು ಹಾಕಿ, ಮರಿ ಇಟ್ಟು, ಹಳೆ ಗೂಡಿದ್ದ ಜಾಗದ ಹತ್ತಿರವೇ ಕೊಂಬೆಗೆ ಬಿಗಿಯಾಗಿ ಕಟ್ಟಿ. ನೆತ್ತಿ ಮೇಲೆ ಬಿಸಿಲು ಬೀಳದ ಹಾಗೆ ನೋಡಿಕೊಳ್ಳಿ. ಆಮೇಲೆ ದೂರ ಹೋಗಿ ನೋಡಿ. ಕತ್ತಲಾಗುವುದರೊಳಗೆ ದೊಡ್ಡ ಹಕ್ಕಿ ಬರಲಿಲ್ಲ ಅಂದರೆ ಆಗ ಫೋನ್ ಮಾಡಿ.

ತಕ್ಷಣ ಎತ್ತಲೇಬೇಕಾದವು ಬೇರೆ. ರಕ್ತ ಬರುತ್ತಿದೆ, ಒಂದು ರೆಕ್ಕೆ ಜೋತುಬಿದ್ದಿದೆ, ಕಾಲೂರುತ್ತಿಲ್ಲ, ಮೈಮೇಲೆ ನೊಣ ಇರುವೆ ಮುತ್ತಿವೆ, ನೀವು ಹತ್ತಿರ ಹೋದರೂ ಕದಲುತ್ತಿಲ್ಲ. ಬೆಕ್ಕು ಬಾಯಿ ಹಾಕಿದ್ದು ಕಣ್ಣಾರೆ ಕಂಡಿದ್ದರೆ, ಹಕ್ಕಿಯ ಮೈಮೇಲೆ ಒಂದು ಗೀರೂ ಕಾಣದಿದ್ದರೂ ಎತ್ತಿ. ಬೆಕ್ಕಿನ ಹಲ್ಲು ಸೂಜಿಯಂತೆ ಸಣ್ಣ, ಗರಿಯೊಳಗೆ ಆದ ತೂತು ಹೊರಗೆ ಕಾಣುವುದೇ ಇಲ್ಲ. ಅದರ ಎಂಜಲಲ್ಲಿರುವ ಬ್ಯಾಕ್ಟೀರಿಯಾ ಹಕ್ಕಿಯ ರಕ್ತಕ್ಕೆ ಸೇರಿದರೆ ಒಂದೆರಡು ದಿನದಲ್ಲಿ ಕಥೆ ಮುಗಿಯುತ್ತದೆ. ಆ್ಯಂಟಿಬಯೋಟಿಕ್ ಬೇಕೇ ಬೇಕು, ಅದೂ ಅದೇ ದಿನ. ಅದನ್ನು ವೆಟ್, ಅಂದರೆ ಪಶುವೈದ್ಯರು, ಕೊಡಬೇಕು. ಮನೆಯಲ್ಲಿರುವ ಮಾತ್ರೆ ಪುಡಿ ಮಾಡಿ ಹಾಕೋದಲ್ಲ.

ಡಬ್ಬ

ಹಕ್ಕಿ ಮುಟ್ಟುವ ಮೊದಲೇ ಡಬ್ಬ ರೆಡಿ ಮಾಡಿಕೊಳ್ಳಿ. ಕೈಯಲ್ಲಿ ಹಕ್ಕಿ ಹಿಡಿದುಕೊಂಡು ಮನೆಯೆಲ್ಲ ಡಬ್ಬ ಹುಡುಕುವ ಪಾಡು ಬೇಡ. ರಟ್ಟಿನ ಡಬ್ಬವೇ ಎಲ್ಲಕ್ಕಿಂತ ಒಳ್ಳೆಯದು. ಹಕ್ಕಿ ಕೂತು ತಿರುಗುವಷ್ಟು ಜಾಗ ಸಾಕು, ರೆಕ್ಕೆ ಬಡಿಯುವಷ್ಟು ಬೇಡ. ಪಿಕಳಾರಕ್ಕೆ ಶೂ ಡಬ್ಬ, ಹದ್ದಿಗೆ ಮಿಕ್ಸಿಯೋ ಮೈಕ್ರೋವೇವೋ ಬಂದ ಡಬ್ಬ. ಸ್ಕ್ರೂಡ್ರೈವರಿನಿಂದ ಪಕ್ಕದ ಗೋಡೆಗಳಲ್ಲಿ, ಕೆಳಭಾಗದ ಕಡೆ, ಹತ್ತು ಹದಿನೈದು ತೂತು ಮಾಡಿ. ಹಕ್ಕಿ ಒಳಗಿದ್ದಾಗ ತೂತು ಕೊರೆಯಬೇಡಿ. ತಳಕ್ಕೆ ಹಳೆ ಟವೆಲ್ ಅಥವಾ ಬನಿಯನ್ ಹಾಸಿ. ಬರೀ ರಟ್ಟು ಅಥವಾ ನ್ಯೂಸ್‌ಪೇಪರ್ ಆದರೆ ಕಾಲು ಜಾರುತ್ತದೆ, ಮೊದಲೇ ನೊಂದ ಹಕ್ಕಿ ಕಾಲು ಅಗಲಿಸಿಕೊಂಡು ಒದ್ದಾಡುತ್ತದೆ. ಟವೆಲ್ಲಿನಲ್ಲಿ ಎಳೆ ಎದ್ದಿದ್ದರೆ ಉಗುರು ಸಿಕ್ಕಿಕೊಳ್ಳುತ್ತದೆ, ಅದನ್ನೂ ನೋಡಿ.

ಪಂಜರ ಇದೆಯಲ್ಲ ಅನ್ನಬೇಡಿ. ಸರಳುಗಳ ನಡುವಿನಿಂದ ಬೆಳಕು, ಜನ, ನಾಯಿ ಎಲ್ಲ ಕಾಣುತ್ತದೆ, ಹಕ್ಕಿ ಬಡಿದುಕೊಳ್ಳುತ್ತದೆ, ರೆಕ್ಕೆಯ ಗರಿಗಳು ಮುರಿಯುತ್ತವೆ. ಗರಿ ಮುರಿದರೆ ಮುಂದಿನ ಸಲ ಗರಿ ಉದುರಿ ಹೊಸದು ಬರುವವರೆಗೆ ಹಾರಲಾಗುವುದಿಲ್ಲ. ಗಾಯ ವಾಸಿಯಾದರೂ ತಿಂಗಳುಗಟ್ಟಲೆ ಕೂಡಿಟ್ಟುಕೊಳ್ಳಬೇಕಾಗುತ್ತದೆ.

ಕತ್ತಲೆ ಯಾಕೆ ಇಷ್ಟು ಮುಖ್ಯ? ಕಾಡುಹಕ್ಕಿಯ ಪಾಲಿಗೆ ನಾವು ಅದನ್ನು ತಿನ್ನಲು ಬಂದ ಪ್ರಾಣಿಗಳು. ಕೈಯಲ್ಲಿ ಅಲುಗಾಡದೆ ಕೂತ ಹಕ್ಕಿಯನ್ನು ನೋಡಿ "ಎಷ್ಟು ಸಾಧು ನೋಡಿ, ನಾವು ಸಹಾಯ ಮಾಡ್ತಿದೀವಿ ಅಂತ ಅದಕ್ಕೂ ಗೊತ್ತಾಗಿದೆ" ಅನ್ನುತ್ತಾರೆ. ಇಲ್ಲ. ಅದು ಹೆದರಿಕೆಯಿಂದ ಮರಗಟ್ಟಿರುವುದು. ಎದೆ ಡವಡವ ಅನ್ನುತ್ತಿರುತ್ತದೆ. ಆ ಹೆದರಿಕೆಯೇ ಸಾಯಿಸಬಲ್ಲದು, ಗಾಯ ಬೇಕಾಗಿಲ್ಲ. ಕತ್ತಲಾದರೆ ಅದರ ಪಾಲಿಗೆ ಶತ್ರು ಮರೆಯಾದ ಹಾಗೆ. ಆದ್ದರಿಂದ ತಲೆ ಸವರಬೇಡಿ, ಮಾತಾಡಿಸಬೇಡಿ, ಮಕ್ಕಳಿಗೆ ತೋರಿಸಲು ಹತ್ತು ನಿಮಿಷಕ್ಕೊಮ್ಮೆ ಮುಚ್ಚಳ ತೆಗೆಯಬೇಡಿ. ಫೋಟೋ ಬೇಕಾಗುತ್ತದೆ, ಯಾವ ಹಕ್ಕಿ ಅಂತ ಫೋನಿನಲ್ಲಿ ಕೇಳುವವರಿಗೆ ಕಳಿಸಲು. ಫ್ಲಾಶ್ ಇಲ್ಲದೆ ಒಂದು ತೆಗೆಯಿರಿ, ಸಾಕು.

ಇನ್ನು ಬಿಸಿ. ಹಕ್ಕಿಗಳ ಮೈಬಿಸಿ ನಮಗಿಂತ ಹೆಚ್ಚು, ಸುಮಾರು 40ರಿಂದ 42 ಡಿಗ್ರಿ ಸೆಲ್ಸಿಯಸ್. ಪೆಟ್ಟು ಬಿದ್ದ ಹಕ್ಕಿ ಬೇಗ ತಣ್ಣಗಾಗುತ್ತದೆ. ಗರಿ ಉಬ್ಬಿಸಿಕೊಂಡು ಚೆಂಡಿನ ಹಾಗೆ ಕೂತಿದ್ದರೆ ಚಳಿಯಾಗಿದೆ ಅಂತ ತಿಳಿಯಿರಿ. ಒಂದು ಬಾಟಲಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಡಬ್ಬದ ಒಂದು ಮೂಲೆಯಲ್ಲಿಡಿ. ಒಂದು ಕಡೆ ಮಾತ್ರ, ಬೇಡವಾದರೆ ಹಕ್ಕಿ ಆಚೆ ಸರಿಯಲಿ. ಏಪ್ರಿಲ್ ಬಿಸಿಲಿಗೆ ತಲೆತಿರುಗಿ ಬಿದ್ದು, ಕೊಕ್ಕು ಬಿಟ್ಟು ಏದುಸಿರು ಬಿಡುತ್ತಿರುವ ಹದ್ದಿಗೆ ಬಾಟಲಿ ಬೇಡ, ನೆರಳು ಗಾಳಿ ಸಾಕು. ಅಂಥ ಹಕ್ಕಿ ತಾನೇ ಎದ್ದು ನಿಂತಿದ್ದರೆ ಮಾತ್ರ ಮುಂದೊಂದು ಅಗಲ ತಟ್ಟೆಯಲ್ಲಿ ಬೆರಳಿನ ಅರ್ಧ ಮುಳುಗುವಷ್ಟು ನೀರಿಟ್ಟು ದೂರ ಬನ್ನಿ. ಬೇಕಾದರೆ ಅದೇ ಕುಡಿಯುತ್ತದೆ.

ಹಿಡಿಯುವುದು ಹೇಗೆ

ಟವೆಲ್ ಅಥವಾ ಹಳೆ ಪಂಚೆ. ಹಿಂದಿನಿಂದ ಹೋಗಿ, ತಲೆ ಸಮೇತ ಇಡೀ ಮೈಮೇಲೆ ಹಾಕಿ, ಎರಡೂ ಕೈಯಿಂದ ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ಎತ್ತಿ. ಎದೆ ಅದುಮಬೇಡಿ. ನಮಗೆ ಇರುವಂಥ ವಪೆ (ಎದೆ ಮತ್ತು ಹೊಟ್ಟೆಯ ನಡುವೆ ಇದ್ದು ಉಸಿರಾಡಿಸುವ ಸ್ನಾಯು) ಹಕ್ಕಿಗಿಲ್ಲ, ಎದೆಮೂಳೆ ಮುಂದೆ ಹಿಂದೆ ಆಡಿದರೆ ಮಾತ್ರ ಅದಕ್ಕೆ ಉಸಿರು. ಬಿಗಿಯಾಗಿ ಹಿಡಿದರೆ ಕೈಯಲ್ಲೇ ಉಸಿರುಕಟ್ಟಿ ಹೋಗುತ್ತದೆ.

ಯಾವ ಹಕ್ಕಿ ಯಾವುದರಿಂದ ಹೊಡೆಯುತ್ತದೆ ಅನ್ನುವುದು ಗೊತ್ತಿರಲಿ. ಹದ್ದು, ಗರುಡ, ಗೂಬೆ ಉಗುರಿನಿಂದ. ರೆಕ್ಕೆ ಬಿಚ್ಚಿದರೆ ನಾಲ್ಕೈದು ಅಡಿ ಬರುವ ಹದ್ದು ನೆಲಕ್ಕೆ ಬಿದ್ದಾಗ ಎಷ್ಟೋ ಸಲ ಅಂಗಾತ ಮಲಗಿ, ಎರಡೂ ಕಾಲು ಮೇಲೆತ್ತಿ, ಉಗುರು ಬಿಡಿಸಿಕೊಂಡು ಕಾಯುತ್ತದೆ. ನೋಡಿದವರು ಸತ್ತೇ ಹೋಯಿತು ಅಂದುಕೊಂಡು ಕೈ ಹಾಕುತ್ತಾರೆ. ಆ ಉಗುರು ಒಂದು ಸಲ ಅಂಗೈಗೆ ಇಳಿದರೆ ಎಳೆದಷ್ಟೂ ಬಿಗಿಯಾಗುತ್ತದೆ. ಮೊದಲು ದಪ್ಪ ಬಟ್ಟೆ ಕೊಡಿ, ಅದು ಬಟ್ಟೆಯನ್ನು ಹಿಡಿದುಕೊಳ್ಳುತ್ತದೆ. ಆಗ ಮೇಲಿನಿಂದ ಇನ್ನೊಂದು ಟವೆಲ್ ಹಾಕಿ ಎತ್ತಿ. ಬೆಳ್ಳಕ್ಕಿ, ಬಕ, ಕೊಕ್ಕರೆಗಳದ್ದು ಬೇರೆಯೇ ರೀತಿ. ಕುತ್ತಿಗೆ ಮಡಚಿ ಸುಮ್ನೆ ಕೂತ ಹಾಗಿದ್ದು, ಬಾಣದ ಹಾಗೆ ಕೊಕ್ಕು ಬಿಡುತ್ತವೆ, ಗುರಿ ನಿಮ್ಮ ಕಣ್ಣು. ಕನ್ನಡಕ ಹಾಕಿಕೊಳ್ಳಿ, ಹೆಲ್ಮೆಟ್ ಇದ್ದರೆ ಇನ್ನೂ ಒಳ್ಳೆಯದು, ನಗುವವರು ನಗಲಿ. ಗಿಳಿಯ ಕಡಿತ ಅಂತೂ ಅನುಭವಿಸಿದವರಿಗೇ ಗೊತ್ತು.

ಕೆಲವು ಗೂಬೆಗಳು ಡಕ್ಟ್‌ನಲ್ಲಿ, ಅಪಾರ್ಟ್‌ಮೆಂಟಿನ ಸಂದಿಯಲ್ಲಿ ಮರಿ ಮಾಡಿರುತ್ತವೆ. ಬಿಳಿ ಮುಖದ ಮರಿಗಳು ಹಾವಿನ ಹಾಗೆ ಬುಸುಗುಟ್ಟುವುದನ್ನು ಕೇಳಿ ಸೆಕ್ಯೂರಿಟಿಯವರು ಕೋಲು ತರುತ್ತಾರೆ. ಮನೆಯೊಳಗೆ ಗೂಬೆ ಬಂದರೆ ಅಪಶಕುನ ಅಂತ ಕಲ್ಲು ಹೊಡೆದು ಗಾಯ ಮಾಡುವವರೂ ಇದ್ದಾರೆ. ಮೊದಲು ಆ ಕೋಲು ಕಲ್ಲಿನವರನ್ನು ದೂರ ಕಳಿಸಿ. ದೀಪಾವಳಿ ಹತ್ತಿರ ಇದ್ದರೆ ಗೂಬೆ ಸಿಕ್ಕ ಸುದ್ದಿಯನ್ನು ವಾಟ್ಸಾಪ್ ಗ್ರೂಪಿನಲ್ಲಿ ಹಾಕಲೂ ಬೇಡಿ. ಮಾಟಮಂತ್ರಕ್ಕೆ ಅಂತ ಹಿಡಿದು ಮಾರುವವರು ಆಗ ಜಾಸ್ತಿ.

ಮಾಂಜಾ

ಬೆಂಗಳೂರಿನಲ್ಲಿ ಆಷಾಢದ ಗಾಳಿ ಶುರುವಾದರೆ ಗಾಳಿಪಟ ಹತ್ತುತ್ತವೆ, ಹದ್ದುಗಳು ಬೀಳತೊಡಗುತ್ತವೆ. ಮಾಂಜಾ ಅನ್ನುವ, ಗಾಜಿನ ಪುಡಿ ಬಳಿದ ನೈಲಾನ್ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಆದರೂ ದಾರ ಕೈಗೆ ಸಿಗುತ್ತಲೇ ಇದೆ, ಮರಗಳಲ್ಲಿ ವರ್ಷಗಟ್ಟಲೆ ಕೊಳೆಯದೆ ನೇತಾಡುತ್ತಲೇ ಇದೆ.

ದಾರಕ್ಕೆ ಸಿಕ್ಕಿದ ಹಕ್ಕಿಯನ್ನು ನೋಡಿದರೆ ಕೈ ತಾನಾಗಿ ದಾರ ಎಳೆಯಲು ಹೋಗುತ್ತದೆ. ಎಳೆಯಬೇಡಿ. ರೆಕ್ಕೆಯ ಮುಂದಿನ ಅಂಚಿನಲ್ಲಿ, ಭುಜ ಮತ್ತು ಮಣಿಕಟ್ಟಿನ ನಡುವೆ, ತೆಳ್ಳನೆ ಚರ್ಮದ ಹಾಳೆ ಇರುತ್ತದೆ. ಹಾರಾಟವೆಲ್ಲ ಅದರ ಮೇಲೇ ನಿಂತಿದೆ. ದಾರ ಸಾಮಾನ್ಯವಾಗಿ ಅಲ್ಲೇ ಕೊಯ್ದುಕೊಂಡು ಒಳಗಿಳಿದಿರುತ್ತದೆ. ಎಳೆದರೆ ಗರಗಸ ಆಡಿಸಿದಂತೆ ಇನ್ನಷ್ಟು ಸೀಳುತ್ತದೆ. ಹಕ್ಕಿಯನ್ನು ಟವೆಲ್ಲಿನಲ್ಲಿ ಗಟ್ಟಿ ಮಾಡಿಕೊಂಡು, ಒಂದು ಗೇಣು ದಾರ ಮೈಮೇಲೇ ಬಿಟ್ಟು, ಹೊರಗಿನ ಕಡೆ ಕತ್ತರಿಯಿಂದ ಕತ್ತರಿಸಿ. ಒಳಗಿನ ದಾರ ಡಾಕ್ಟರು ತೆಗೆಯಲಿ. ರಕ್ತ ಸುರಿಯುತ್ತಿದ್ದರೆ ಚೊಕ್ಕ ಬಟ್ಟೆಯಿಂದ ಎರಡು ಮೂರು ನಿಮಿಷ ಒತ್ತಿ ಹಿಡಿಯಿರಿ, ನಡುನಡುವೆ ತೆಗೆದು ನೋಡಬೇಡಿ. ಸಣ್ಣ ಹಕ್ಕಿಯಾದರೆ ರಕ್ತದ ವಿಷಯದಲ್ಲಿ ತಡ ಮಾಡಲೇಬಾರದು: ಪಿಕಳಾರದ ತೂಕವೇ 30-40 ಗ್ರಾಂ, ಅದರ ಮೈಯಲ್ಲಿರುವ ಒಟ್ಟು ರಕ್ತ ಒಂದು ಟೀ ಚಮಚ ತುಂಬುವಷ್ಟೂ ಇಲ್ಲ.

ಹಕ್ಕಿ ಮರದ ತುದಿಯಲ್ಲಿ ತಲೆಕೆಳಗಾಗಿ ನೇತಾಡುತ್ತಿದ್ದರೆ ನೀವು ಹತ್ತಬೇಡಿ. ಅಗ್ನಿಶಾಮಕದವರಿಗೆ ಹೇಳಿ, 112ಕ್ಕೆ ಕರೆ ಮಾಡಿದರೂ ಆಗುತ್ತದೆ. ಕರೆಂಟ್ ತಂತಿಯಲ್ಲಿದ್ದರೆ 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸುವವರೆಗೆ ಹತ್ತಿರವೂ ಹೋಗಬೇಡಿ. ಒಣ ಬಿದಿರು ಅಂದುಕೊಂಡು ಗಳ ಎತ್ತಿದರೆ ಹಕ್ಕಿ ಜೊತೆ ನೀವೂ ಹೋಗುತ್ತೀರಿ.

ಗಾಜಿಗೆ ಬಡಿದ ಹಕ್ಕಿ

ಇದು ಎಲ್ಲಕ್ಕಿಂತ ಸುಲಭದ ಕೇಸು. ಕುಟ್ರು ಹಕ್ಕಿ, ಮಿಂಚುಳ್ಳಿ, ಅಕ್ಟೋಬರ್ ಹೊತ್ತಿಗೆ ಉತ್ತರದಿಂದ ವಲಸೆ ಬರುವ ನವರಂಗ, ಇವೆಲ್ಲ ಗಾಜಿನಲ್ಲಿ ಕಾಣುವ ಮರವನ್ನು ನಿಜವಾದ ಮರ ಅಂದುಕೊಂಡು ಢಬ್ ಅಂತ ಬಡಿಯುತ್ತವೆ. ಡಬ್ಬದಲ್ಲಿಟ್ಟು ಮುಚ್ಚಿ, ಒಂದೆರಡು ಗಂಟೆ ಬಿಡಿ. ಒಳಗಿನಿಂದ ಪರಪರ ಕೆರೆಯುವ ಸದ್ದು ಬಂದರೆ ಡಬ್ಬವನ್ನು ಹೊರಗೆ, ಗಿಡಮರ ಇರುವ ಕಡೆ ನೆಲದ ಮೇಲಿಟ್ಟು ಮುಚ್ಚಳ ತೆಗೆದು ಹಿಂದೆ ಸರಿಯಿರಿ. ಹೋಗುವ ಹಾಗಿದ್ದರೆ ಹೋಗುತ್ತದೆ. ದಯವಿಟ್ಟು "ಹಾರುತ್ತಾ ನೋಡೋಣ" ಅಂತ ತಾರಸಿಯಿಂದ ಮೇಲಕ್ಕೆ ಎಸೆಯಬೇಡಿ. ಮೂಗಿನಲ್ಲಿ ಬಾಯಲ್ಲಿ ರಕ್ತ, ಓರೆಯಾದ ತಲೆ, ಒಂದು ಕಣ್ಣಿನ ಪಾಪೆ ದೊಡ್ಡದು ಇನ್ನೊಂದು ಚಿಕ್ಕದು, ಇಂಥದ್ದು ಕಂಡರೆ ಕಾಯುವುದು ಬೇಡ, ವೆಟ್ ಹತ್ತಿರ ಹೋಗಲಿ.

ಅಂದ ಹಾಗೆ, ಕುತ್ತಿಗೆ ತಿರುಚಿಕೊಂಡು ಗಿರಗಿರನೆ ಸುತ್ತುವ ಪಾರಿವಾಳ ಕಂಡರೆ ಅದು ಗಾಜಿಗೆ ಬಡಿದದ್ದಲ್ಲ, ಹೆಚ್ಚಿನ ಸಲ ವೈರಸ್ ಕಾಯಿಲೆ. ಮನೆಯಲ್ಲಿ ಕೋಳಿ, ಲವ್‌ಬರ್ಡ್ಸ್ ಇದ್ದರೆ ಅವುಗಳ ಹತ್ತಿರ ತರಬೇಡಿ.

ಗಾಯಕ್ಕೆ ಏನು ಹಚ್ಚಬೇಕು, ತಿನ್ನಲು ಏನು ಕೊಡಬೇಕು?

ಎರಡಕ್ಕೂ ಉತ್ತರ ಒಂದೇ: ಏನೂ ಬೇಡ. ನಮ್ಮ ಮನೆಗಳಲ್ಲಿ ಗಾಯ ಅಂದರೆ ಅರಿಶಿನ, ಕೊಬ್ಬರಿ ಎಣ್ಣೆ. ಎಣ್ಣೆ, ಮುಲಾಮು ಗರಿಗೆ ಹತ್ತಿದರೆ ಗರಿಗಳು ಅಂಟಿಕೊಂಡು ಮೈಬಿಸಿ ಹಿಡಿದಿಡಲಾರವು, ಮಳೆಗೆ ನೆನೆಯುತ್ತವೆ, ತೊಳೆಯಲು ಹೋದರೆ ಇನ್ನೊಂದು ಹಿಂಸೆ. ರೆಕ್ಕೆ ಮುರಿದಿದೆ ಅಂತ ಐಸ್‌ಕ್ರೀಮ್ ಕಡ್ಡಿ ಇಟ್ಟು ಪಟ್ಟಿ ಕಟ್ಟುವುದೂ ಬೇಡ. ತಪ್ಪು ಕೋನದಲ್ಲಿ ಕಟ್ಟಿದರೆ ಮೂಳೆ ಹಾಗೇ ಕೂಡಿಕೊಂಡುಬಿಡುತ್ತದೆ.

ಊಟದ ವಿಷಯ. ಹದ್ದಿಗೆ ಮಾಂಸ, ಮಿಂಚುಳ್ಳಿಗೆ ಮೀನು, ಪಾರಿವಾಳಕ್ಕೆ ಕಾಳು, ಪಿಕಳಾರಕ್ಕೆ ಹಣ್ಣು ಹುಳ. ನಾವು ಕೊಡುವುದು ಎಲ್ಲಕ್ಕೂ ಬ್ರೆಡ್ಡು, ಅನ್ನ. ಬೆಳೆದ ಹಕ್ಕಿ ಕೆಲವು ಗಂಟೆ ಉಪವಾಸ ಇದ್ದರೆ ಏನೂ ಆಗುವುದಿಲ್ಲ, ದೊಡ್ಡ ಹದ್ದು ರಾತ್ರಿಯಿಡೀ ಇರಬಲ್ಲದು. ಸೂರಕ್ಕಿ, ಗರಿ ಬಾರದ ಮರಿ, ಇವು ಮಾತ್ರ ಹಗಲಿಡೀ ತಿನ್ನುತ್ತಲೇ ಇರಬೇಕಾದ ಜೀವಗಳು. ಅವು ಸಿಕ್ಕರೆ "ಸಂಜೆ ಆಫೀಸ್ ಮುಗಿಸಿಕೊಂಡು ಕೊಟ್ಟು ಬರ್ತೀನಿ" ಅನ್ನಬೇಡಿ.

ಯಾರಿಗೆ ಕೊಡಬೇಕು

ಕರ್ನಾಟಕದ ಅರಣ್ಯ ಇಲಾಖೆ ಸಹಾಯವಾಣಿ 1926. ಬೆಂಗಳೂರಿನಲ್ಲಿ ಕೆಂಗೇರಿ ಕಡೆ ಪೀಪಲ್ ಫಾರ್ ಅನಿಮಲ್ಸ್‌ನ ವನ್ಯಜೀವಿ ಆಸ್ಪತ್ರೆ ಇದೆ, ಹಕ್ಕಿ ಮತ್ತು ಸರೀಸೃಪಗಳಿಗೆಂದೇ ಏವಿಯನ್ ಆ್ಯಂಡ್ ರೆಪ್ಟೈಲ್ ರಿಹ್ಯಾಬಿಲಿಟೇಶನ್ ಸೆಂಟರ್ ಇದೆ. ಮೈಸೂರಿನಲ್ಲೂ ಪೀಪಲ್ ಫಾರ್ ಅನಿಮಲ್ಸ್ ಇದೆ. ಬೇರೆ ಊರುಗಳಲ್ಲಿ ವಲಯ ಅರಣ್ಯಾಧಿಕಾರಿ ಕಚೇರಿ ಅಥವಾ ಸರ್ಕಾರಿ ಪಶು ಆಸ್ಪತ್ರೆ. ನಾಯಿ ಬೆಕ್ಕು ನೋಡುವ ಎಲ್ಲ ವೆಟ್‌ಗಳೂ ಹಕ್ಕಿ ನೋಡುವುದಿಲ್ಲ, ಹೊರಡುವ ಮೊದಲು ಫೋನ್ ಮಾಡಿ ಕೇಳಿ. ಆಟೋದಲ್ಲಾಗಲಿ ಕಾರಿನಲ್ಲಾಗಲಿ ಹಾಡು ಬೇಡ, ಎಸಿ ಗಾಳಿ ನೇರ ಡಬ್ಬದ ಮೇಲೆ ಬೇಡ, ಡಿಕ್ಕಿಯಲ್ಲೂ ಬೇಡ. ಸೀಟಿನ ಮುಂದೆ ಕಾಲಿಡುವ ಜಾಗದಲ್ಲಿಟ್ಟರೆ ಅಲುಗಾಡುವುದಿಲ್ಲ.

ಕಾನೂನಿನ ಮಾತು ಚುಟುಕಾಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಕಾಡುಹಕ್ಕಿಯನ್ನು ಮನೆಯಲ್ಲಿಟ್ಟುಕೊಳ್ಳುವಂತಿಲ್ಲ, ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು. ಕಾಪಾಡಲು ಎತ್ತಿದ್ದಕ್ಕೆ ಹೆದರಬೇಕಾಗಿಲ್ಲ, ಬೇಗ ತಿಳಿಸಿ ಒಪ್ಪಿಸಿದರಾಯಿತು. ಗಿಳಿ ಸಿಕ್ಕಾಗ ಮಾತ್ರ ಎಲ್ಲರಿಗೂ "ಪಾಪ, ನಾವೇ ಸಾಕಿಕೊಳ್ಳೋಣ" ಅನ್ನಿಸುತ್ತದೆ. ನಮ್ಮ ಊರಿನ ಗಿಳಿ ಸಾಕುವುದು ಅಪರಾಧ.

ಒಂದೇ ಜಾಗದಲ್ಲಿ ಕಾಗೆಯೋ ಬೇರೆ ಹಕ್ಕಿಯೋ ಹಲವಾರು ಸತ್ತು ಬಿದ್ದಿದ್ದರೆ ಮುಟ್ಟಲೇಬೇಡಿ, ಹಕ್ಕಿಜ್ವರ ಇರಬಹುದು. ಪಶುಪಾಲನಾ ಇಲಾಖೆಯ 1962ಕ್ಕೆ ತಿಳಿಸಿ. ಒಂಟಿ ಹಕ್ಕಿಯನ್ನು ಮುಟ್ಟುವಾಗಲೂ ಮಾಸ್ಕ್ ಇರಲಿ, ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಆಸ್ಪತ್ರೆಗೆ ಒಪ್ಪಿಸುವಾಗ ಒಂದು ಚೀಟಿಯಲ್ಲಿ ಬರೆದುಕೊಡಿ: ಎಲ್ಲಿ ಸಿಕ್ಕಿತು (ಬೀದಿ, ಮರ, ಹತ್ತಿರದ ಗುರುತು), ಯಾವ ಹೊತ್ತಿಗೆ, ಬೆಕ್ಕು ಮುಟ್ಟಿತ್ತಾ, ಏನಾದರೂ ಕುಡಿಸಿದಿರಾ. ಕುಡಿಸಿದ್ದರೆ ಮುಚ್ಚಿಡಬೇಡಿ, ಚಿಕಿತ್ಸೆ ಅದರ ಮೇಲೆ ಬದಲಾಗುತ್ತದೆ. ಕೀಲಿನ ಹತ್ತಿರವೇ ಮೂಳೆ ಚೂರಾದ ಹಕ್ಕಿಗಳು ಎಷ್ಟೋ ಸಲ ಮತ್ತೆ ಹಾರುವುದಿಲ್ಲ, ಕೆಲವಕ್ಕೆ ನೋವಿಲ್ಲದೆ ಮುಗಿಸುವುದೇ ಕರುಣೆ ಅಂತ ಡಾಕ್ಟರು ಹೇಳಬಹುದು. ಅವರ ಜೊತೆ ಜಗಳಕ್ಕೆ ನಿಲ್ಲಬೇಡಿ.

ಹುಷಾರಾದ ಹಕ್ಕಿಯನ್ನು ಸಿಕ್ಕ ಜಾಗದಲ್ಲೇ ಬಿಡಬೇಕು, ಅದರ ಜೋಡಿ, ಗೂಡು, ನೀರಿನ ಜಾಗ ಎಲ್ಲ ಅಲ್ಲೇ ಇರುತ್ತದೆ. ಅದಕ್ಕೇ ಆ ಚೀಟಿ. ನಿಮ್ಮನ್ನೇ ಬಿಡಲು ಕರೆದರೆ ಹದ್ದು, ಪಿಕಳಾರ ಮುಂತಾದವನ್ನು ಬೆಳಿಗ್ಗೆ, ಮಳೆ ಇಲ್ಲದ ದಿನ ಬಿಡಿ. ಗೂಬೆಯನ್ನು ಸಂಜೆ, ಕಾಗೆಗಳೆಲ್ಲ ಮರ ಸೇರಿದ ಮೇಲೆ. ಹಗಲು ಬಿಟ್ಟರೆ ಹತ್ತು ಕಾಗೆ ಸೇರಿ ಕುಕ್ಕಿ ಕುಕ್ಕಿ ಅದನ್ನು ಮತ್ತೆ ನಿಮ್ಮ ಅಂಗಳಕ್ಕೇ ಬೀಳಿಸುತ್ತವೆ.